ಗ್ರೂಪಿಗೆ ಹಾಕಿದ್ದು ಎಲ್ಲೋಯ್ತು?

(ಹಾಸನದಲ್ಲಿ ಡಿಗ್ರಿ ಕಾಲೇಜಿನ ಹುಡುಗ್ರು ಹುಡುಗೀರ ಮುಂದೆ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಬರ್ಕೊಂಡಿದೀನಿ, ಮಾತಲ್ಲಿ ಬಂದಂಗೇ ಬಿಟ್ಟಿದೀನಿ, ಆಮೇಲೆ ನೆನಪಾದ ಒಂದೆರಡು ವಿಷಯ ಮಧ್ಯ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಟೆಕ್ನಾಲಜಿ ಬಗ್ಗೆ, ಈ ಇಂಟರ್ನೆಟ್ಟು ರೀಲ್ಸು ಎಐ ಬಗ್ಗೆ ಏನಾದ್ರೂ ಮಾತಾಡಿ ಸಾರ್ ಅಂತ ಕರೆದ್ರಿ. ನಾನು ಇಂಜಿನಿಯರ್ ಅಲ್ಲ, ಇಪ್ಪತ್ತು ವರ್ಷದಿಂದ ಇಲ್ಲೇ ಹಾಸನದಲ್ಲಿ ಡಿಟಿಪಿ ಅಂಗಡಿ ನಡೆಸ್ತಿದೀನಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಕರಪತ್ರ, ಸಂಘದ ವಾರ್ಷಿಕ ವರದಿ, ಯಾರೋ ಮೇಷ್ಟ್ರು ರಿಟೈರ್ ಆದ್ಮೇಲೆ ಬರೆದ ಊರಿನ ಇತಿಹಾಸ, ಇಂಥದ್ದೆಲ್ಲ ನನ್ನ ಕೈಲಿ ಟೈಪ್ ಆಗಿ ಹೋಗಿದೆ. ಜನ ಏನು ಬರೀತಾರೆ, ಬರೆದದ್ದು ಆಮೇಲೆ ಏನಾಗುತ್ತೆ ಅನ್ನೋದನ್ನ ದಿನಾ ನೋಡೋ ಕೆಲಸ ನಂದು. ಅದಕ್ಕೇ ಇವತ್ತು ಒಂದೇ ವಿಷಯ ಹಿಡ್ಕೊಂಡು ಬಂದಿದೀನಿ, ಅದಕ್ಕೆ ನಮ್ಮ ದೊಡ್ಡಪ್ಪನ ಮಳೆ ಪುಸ್ತಕದಿಂದಾನೇ ಶುರು ಮಾಡ್ಬೇಕು.

ನಮ್ಮ ಊರು ಸಕಲೇಶಪುರದ ಕಡೆ. ದೊಡ್ಡಪ್ಪಂಗೆ ಈಗ 78. ಅವರತ್ರ ಒಂದು ಉದ್ದದ ನೋಟ್ ಬುಕ್ ಇದೆ, ಕೆಂಪು ರಟ್ಟು, ಬೆನ್ನಿಗೆ ಬಟ್ಟೆ ಅಂಟಿಸಿದ್ದು, 1974ರಿಂದ ತೋಟದಲ್ಲಿ ಬಿದ್ದ ಮಳೆ ಎಲ್ಲ ಅದರಲ್ಲಿದೆ. ಕಾಫಿ ತೋಟದವರ ಮನೆ ಮಕ್ಕಳು ಇಲ್ಲಿದ್ರೆ ಗೊತ್ತಿರುತ್ತೆ, ನಮ್ಮ ಕಡೆ ಮಳೆ ಮಿಲಿಮೀಟರ್ ಲೆಕ್ಕದಲ್ಲಿ ಹೇಳಲ್ಲ, ಇಂಚು ಸೆಂಟು ಲೆಕ್ಕ, ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಎದ್ದು ಕಾಫಿ ಕುಡಿಯೋಕೆ ಮುಂಚೆ ಅಂಗಳದ ರೇನ್ ಗೇಜ್ ನೋಡಿ ಪುಸ್ತಕಕ್ಕೆ ಬರೆದು ಆಮೇಲೇ ಬೇರೆ ಕೆಲಸ. "ಸಂಜೆ 4ಕ್ಕೆ ಗುಡುಗು. 1 ಇಂಚು 15 ಸೆಂಟ್. ಹೂ ಮಳೆ ಆಯ್ತು." ಒಂದೊಂದು ಕಡೆ ಅದರ ಪಕ್ಕದಲ್ಲೇ "ಗೌರಿ ಕರು ಹಾಕಿತು" ಅಂತಾನೂ ಇದೆ.

ಹೂ ಮಳೆ ಅಂದ್ರೆ ಫೆಬ್ರವರಿ ಮಾರ್ಚಲ್ಲಿ ಬರೋ ಮೊದಲ ಒಳ್ಳೆ ಮಳೆ. ಅದು ಬಿದ್ದು ಎಂಟೊಂಬತ್ತು ದಿನಕ್ಕೆ ತೋಟ ಪೂರ್ತಿ ಬೆಳ್ಳಗೆ ಹೂವಾಗುತ್ತೆ, ಮಲ್ಲಿಗೆ ಥರದ ವಾಸನೆ ರಸ್ತೆವರೆಗೂ ಬರುತ್ತೆ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಅದು ಬ್ಯಾಕಿಂಗ್ ಮಳೆ, ಅದಿಲ್ದಿದ್ರೆ ಕಾಯಿ ಕಟ್ಟಲ್ಲ. ವರ್ಷದ ದುಡಿಮೆ ಈ ಎರಡು ಮಳೆ ಮೇಲೆ ನಿಂತಿರುತ್ತೆ, ಹಾಗಾಗಿ ಯಾವ ವರ್ಷ ಯಾವತ್ತು ಬಂತು ಅನ್ನೋದು ತೋಟದವರಿಗೆ ಬ್ಯಾಂಕ್ ಪಾಸ್ ಬುಕ್ ಇದ್ದಂಗೆ.

ಈಗ ಏನಾಯ್ತು ಅಂದ್ರೆ, 2016ರ ಸೆಪ್ಟೆಂಬರಲ್ಲಿ ಜಿಯೋ ಬಂತು, ಡೇಟಾ ಅನ್ನೋದು ನೀರಿನಂಗೆ ಆಯ್ತು, ಮಗ ದೊಡ್ಡಪ್ಪಂಗೆ ಒಂದು ಸ್ಮಾರ್ಟ್ ಫೋನ್ ತಂದುಕೊಟ್ಟ, ಸುತ್ತಮುತ್ತಲ ಬೆಳೆಗಾರರದ್ದು ವಾಟ್ಸಾಪಲ್ಲಿ ಒಂದು ಮಳೆ ಗ್ರೂಪ್ ಆಯ್ತು. ಮಾರ್ಚ್ ತಿಂಗಳಲ್ಲಿ ಆ ಗ್ರೂಪ್ ನೋಡ್ಬೇಕು ನೀವು, ರಾತ್ರಿ ಎಂಟು ಗಂಟೆಗೆ ಎಲ್ಲೋ ಮಿಂಚು ಕಂಡ್ರೆ ಸಾಕು, ನಿಮ್ಮಲ್ಲಿ ಬಂತಾ, ನಮ್ಮಲ್ಲಿ 40 ಸೆಂಟು, ಅಯ್ಯೋ ನಮಗೆ ಬರೀ ಹನಿ, ಅಂತ ನೂರಾರು ಮೆಸೇಜು. ಅದನ್ನ ನಾನು ಖಂಡಿತ ಕೆಟ್ಟದ್ದು ಅನ್ನಲ್ಲ, ಒಂಟಿ ಮನೆಗಳಲ್ಲಿ ಇರೋರಿಗೆ ಅದು ದೊಡ್ಡ ಧೈರ್ಯ. ಆದ್ರೆ ದೊಡ್ಡಪ್ಪ ನಿಧಾನಕ್ಕೆ ಪುಸ್ತಕಕ್ಕೆ ಬರೆಯೋದು ಬಿಟ್ರು. ಗ್ರೂಪಿಗೆ ಹಾಕಿದೀನಲ್ಲ, ಮತ್ತೆ ಯಾಕೆ ಬರೀಬೇಕು ಅಂತ. 2017ರ ಜೂನ್ ಆದ್ಮೇಲೆ ಆ ಪುಸ್ತಕ ಖಾಲಿ.

ಹೋದ ವರ್ಷ ಅವರ ಫೋನ್ ಡಿಸ್‌ಪ್ಲೇ ಹೋಯ್ತು, ಹೊಸ ಫೋನ್ ತಗೊಂಡ್ರು, ಅಂಗಡಿ ಹುಡುಗ ಬೇರೆ ಜೀಮೇಲ್ ಹಾಕಿ ಸೆಟ್ ಮಾಡಿಕೊಟ್ಟ, ಹಳೇ ಬ್ಯಾಕಪ್ ಬರಲೇ ಇಲ್ಲ. ನಾನು ಊರಿಗೆ ಹೋದಾಗ ಸುಮ್ನೆ ಕೇಳ್ದೆ, ದೊಡ್ಡಪ್ಪ 2019ರಲ್ಲಿ ಹೂ ಮಳೆ ಯಾವತ್ತು ಆಗಿತ್ತು ಅಂತ. "ಗ್ರೂಪಿಗೆ ಹಾಕಿದ್ನಲ್ಲೋ ಮಗ, ನೋಡು" ಅಂದ್ರು. ಫೋನಲ್ಲಿ ಏನೂ ಇಲ್ಲ ದೊಡ್ಡಪ್ಪ ಅಂದೆ. ಕನ್ನಡಕ ಹಾಕ್ಕೊಂಡು ಅವರೇ ಮೇಲಕ್ಕೆ ಮೇಲಕ್ಕೆ ತಳ್ಳಿದ್ರು, ಫೋನ್ ತಗೊಂಡ ದಿನದಿಂದ ಹಿಂದಕ್ಕೆ ಹೋಗಲ್ಲ ಅದು. "ನಾನು ದಿನಾ ಹಾಕಿದೀನಿ ಕಣೋ. ಹಂಗಾರೆ ಎಲ್ಲೋಯ್ತು?" ಅಂತ ನನ್ನ ಮುಖ ನೋಡಿದ್ರು. ಆ ಪ್ರಶ್ನೆಗೆ ನನ್ನತ್ರ ಉತ್ತರ ಇರ್ಲಿಲ್ಲ. 1983ರ ಮಳೆ ಇದೆ, 2019ರದ್ದು ಇಲ್ಲ.

ಬೇರೆ ಮೆಂಬರ್ಸ್ ಫೋನಲ್ಲಿ ಇರುತ್ತಲ್ಲ ಅಂತ ನೀವು ಕೇಳ್ಬಹುದು, ನಾನೂ ಹುಡುಕಿಸ್ದೆ. ಒಬ್ರು ಸ್ಟೋರೇಜ್ ಫುಲ್ ಆಯ್ತು ಅಂತ ಚಾಟ್ ಕ್ಲಿಯರ್ ಮಾಡಿದಾರೆ, ಇನ್ನೊಬ್ರತ್ರ ಇದೆ ಆದ್ರೆ ಅರ್ಧ ವಾಯ್ಸ್ ಮೆಸೇಜು, ಅರ್ಧ ರೇನ್ ಗೇಜಿನ ಫೋಟೋ, ಸುತ್ತ ಸಾವಿರಾರು ಗುಡ್ ಮಾರ್ನಿಂಗ್ ಹೂವಿನ ಚಿತ್ರ. ವಾಯ್ಸ್ ಮೆಸೇಜ್ ಒಳಗಿನ ಮಾತನ್ನ ಯಾವ ಸರ್ಚಲ್ಲಿ ಹುಡುಕ್ತೀರಿ? ಅದೂ ಅಲ್ದೆ ವಾಟ್ಸಾಪಿಗೆ 2016ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ, ಅಂದ್ರೆ ಕಳಿಸಿದವರು ತಗೊಂಡವರು ಬಿಟ್ರೆ ಮಧ್ಯ ಯಾರೂ ಓದೋಕಾಗಲ್ಲ, ಮೆಸೇಜು ನಮ್ಮ ನಮ್ಮ ಫೋನಲ್ಲಿ ಮತ್ತು ನಾವು ಇಟ್ಟ ಬ್ಯಾಕಪ್ಪಲ್ಲಿ ಮಾತ್ರ ಉಳಿಯೋದು, ಕಂಪನಿ ಹತ್ರ ಹೋಗಿ ಕೇಳಿದ್ರೂ ಸಿಗಲ್ಲ. ಗುಟ್ಟಿನ ಮಾತಿಗೆ ಅದು ಒಳ್ಳೇದೇ, ನಾನು ಅದರ ಪರ. ಮಳೆ ಲೆಕ್ಕ ಗುಟ್ಟಿನ ಮಾತೇನ್ರಪ್ಪ?

ಇಲ್ಲೇ ಸಾಲಗಾಮೆ ರಸ್ತೆಲಿ ಎಂಸಿಎಫ್ ಇದೆ, ದಿನಾ ಅದರ ಮುಂದೆ ಓಡಾಡ್ತೀರಿ, ದೊಡ್ಡ ದೊಡ್ಡ ಬಿಳಿ ಡಿಶ್ ಕಾಣುತ್ತಲ್ಲ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ಇದೆ. 36 ಸಾವಿರ ಕಿಲೋಮೀಟರ್ ಮೇಲಿರೋ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನ ಇಲ್ಲಿ ಕೂತು ನೋಡ್ಕೋತಾರೆ. 2024ರ ಫೆಬ್ರವರಿ 17ರಂದು ಹಾರಿಸಿದ ಇನ್ಸಾಟ್-3ಡಿಎಸ್ ಹವಾಮಾನದ ಉಪಗ್ರಹಾನೇ, ಟಿವಿಲಿ ಮೋಡದ ಚಿತ್ರ ತೋರಿಸ್ತಾರಲ್ಲ, ಅದು ಇಂಥವುಗಳಿಂದಾನೇ ಬರೋದು. ಹಾಸನದವನಾಗಿ ನನಗೆ ಅದು ತುಂಬಾ ಹೆಮ್ಮೆ, ಅಂಗಡಿಗೆ ಯಾರು ಬಂದ್ರೂ ಹೇಳ್ತೀನಿ. ಪಂಚಾಯ್ತಿಗೊಂದು ಸರ್ಕಾರದ ಮಳೆ ಮಾಪನಾನೂ ಇದೆ. ಆದ್ರೂ ಮಲೆನಾಡಲ್ಲಿ ಈ ಗುಡ್ಡದಲ್ಲಿ ಎರಡು ಇಂಚು ಹೊಡೆದ್ರೆ ಆ ಗುಡ್ಡದಲ್ಲಿ ಧೂಳು ಹಾರ್ತಿರುತ್ತೆ, ಅದು ಅಲ್ಲಿ ನಿಂತವನಿಗೆ ಮಾತ್ರ ಗೊತ್ತು. ಆ ತೋಟದ ಆ ಅಂಗಳದ ಲೆಕ್ಕ ಅಲ್ಲಿಯವರು ಬರೆದಿಟ್ರೆ ಉಂಟು, ಇಲ್ದಿದ್ರೆ ಇಲ್ಲ.

ನನಗೆ ಸಂಕಟ ಆಗೋದು ಇದಕ್ಕೇ. ನಾವು ಬರೀತಿಲ್ಲ ಅಂತಲ್ಲ, ನಮ್ಮ ಅಪ್ಪ ಅಜ್ಜ ಇಡೀ ಜೀವಮಾನದಲ್ಲಿ ಬರೆದದ್ದಕ್ಕಿಂತ ಜಾಸ್ತಿ ನಾವು ಒಂದು ವರ್ಷದಲ್ಲಿ ಟೈಪ್ ಮಾಡ್ತೀವಿ. ಮದ್ದು, ಅಡುಗೆ, ಮಳೆ, ಊರ ಜಾತ್ರೆ, ಯಾರ ಮನೆ ದನಕ್ಕೆ ಏನು ಕಾಯಿಲೆ ಬಂದಾಗ ಏನು ಕೊಟ್ರು, ಎಲ್ಲಾ ಇದೆ. ಆದ್ರೆ ಎಲ್ಲಾ ಬಾಗಿಲು ಹಾಕಿದ ಕೋಣೆಯೊಳಗೆ, ಹೊರಗಿನವರಿಗೆ ಕಾಣಲ್ಲ, ಒಳಗಿದ್ದವರಿಗೆ ಎರಡು ದಿನ ಆದ್ಮೇಲೆ ಸಿಗಲ್ಲ.

ಆನೆ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಆಲೂರು ಸಕಲೇಶಪುರ ಬೇಲೂರು ಕಡೆಯವರು ಇಲ್ಲಿ ಬೇಕಾದಷ್ಟು ಜನ ಇದೀರಿ. ಆನೆ ಎಲ್ಲಿದೆ ಅಂತ ತಿಳಿಸೋಕೆ ವಾಟ್ಸಾಪ್ ಗ್ರೂಪಿಗಿಂತ ಒಳ್ಳೇ ಸಾಧನ ಇವತ್ತಿಗೆ ಇಲ್ಲ, ಅದು ಜೀವ ಉಳಿಸಿದೆ. ಆದ್ರೆ ಅದೇ ಗ್ರೂಪಿಗೆ ಒಂದು ಸಲ ಒಂದು ವಿಡಿಯೋ ಬಂತು, ರಸ್ತೆ ಮೇಲೆ ಒಂಟಿ ಸಲಗ ಜೀಪನ್ನ ಅಟ್ಟಿಸ್ಕೊಂಡು ಬರ್ತಿದೆ, ಕೆಳಗೆ ನಮ್ಮ ಪಕ್ಕದೂರಿನ ಹೆಸರು, "ಈಗ ತಾನೆ" ಅಂತ. ಅವತ್ತು ಆ ಸುತ್ತಿನ ತೋಟಗಳಿಗೆ ಹೆಣ್ಣಾಳು ಯಾರೂ ಬರ್ಲಿಲ್ಲ, ಮಕ್ಕಳನ್ನ ಸ್ಕೂಲಿಗೆ ಕಳಿಸ್ಲಿಲ್ಲ. ನಾನು ಅಂಗಡಿಲಿ ಕಂಪ್ಯೂಟರಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ನೋಡ್ದೆ, ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲಿನ ಮೇಲೆ ಮಲಯಾಳಂ ಅಕ್ಷರ ಇದೆ. ಗ್ರೂಪಿಗೆ ಹಾಕ್ದೆ, ಅಷ್ಟೊತ್ತಿಗೆ ಅದು ಇನ್ನೆಷ್ಟು ಗ್ರೂಪಿಗೆ ಹೋಗಿತ್ತೋ. ಒಂದು ದಿನದ ಕೂಲಿ ಹೋದವರಿಗೆ ಯಾರು ಕೊಡ್ತಾರೆ? 2023ರ ಡಿಸೆಂಬರ್ 4ರಂದು ಯಸಳೂರು ಹತ್ರ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ತೀರ್ಕೊಂಡಾಗ ನಾವೆಲ್ಲ ಅತ್ತಿದೀವಿ, ಆ ವಾರ ಫೋನಲ್ಲಿ ನೂರು ಥರದ ಕಥೆ ಓಡಾಡಿದವು, ಯಾವುದು ಕಂಡವರು ಹೇಳಿದ್ದು ಯಾವುದು ಕಟ್ಟಿದ್ದು ಅಂತ ಇವತ್ತು ಕೂತು ಬೇರೆ ಮಾಡೋಕೆ ಆಗಲ್ಲ, ಯಾಕಂದ್ರೆ ಮೂಲ ಯಾರದ್ದು ಅನ್ನೋದೇ ಇಲ್ಲ.

ಇದು ಬರೀ ಆನೆ ವಿಷಯ ಅಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಮುರ್ಕಿಯಲ್ಲಿ ಏನಾಯ್ತು ಅಂತ ನಿಮ್ಮಲ್ಲಿ ಕೆಲವರಿಗಾದ್ರೂ ನೆನಪಿರ್ಬಹುದು. ಮಕ್ಕಳಿಗೆ ಚಾಕ್ಲೇಟ್ ಕೊಟ್ರು ಅಂತ, ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ಹಬ್ಬಿಸಿ, ಹೈದರಾಬಾದಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಹುಡುಗನ್ನ ಹೊಡೆದು ಸಾಯಿಸಿಬಿಟ್ರು. ಅದೇ ತಿಂಗಳು ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಲಕ್ಕೆ ಐದೇ ಚಾಟಿಗೆ ಫಾರ್ವರ್ಡ್ ಅಂತ ಮಿತಿ ತಂದ್ರು, 2020ರ ಏಪ್ರಿಲಲ್ಲಿ ತುಂಬಾ ಸಲ ಫಾರ್ವರ್ಡ್ ಆದದ್ದನ್ನ ಒಂದು ಸಲಕ್ಕೆ ಒಂದೇ ಚಾಟಿಗೆ ಅಂತ ಮಾಡಿದ್ರು. ನಿಮ್ಮ ಫೋನಲ್ಲಿ ಎರಡು ಬಾಣದ ಗುರುತು ಬರುತ್ತಲ್ಲ, ಅದು ಹಂಗೆ ತುಂಬಾ ಸಲ ಫಾರ್ವರ್ಡ್ ಆಗಿ ಬಂದ ಮೆಸೇಜು. ಆ ಗುರುತು ಕಂಡ್ರೆ ದಯವಿಟ್ಟು ಬೆರಳು ತಡೀರಿ.

ರೀಲ್ಸ್ ಬಗ್ಗೆ ಬೈತಾರೆ ಅಂದ್ಕೊಂಡಿದ್ರೇನೋ, ನಾನು ಬೈಯಲ್ಲ. ನಮ್ಮ ಹಾಸನದ ಭಾಷೆ, "ಏನ್ಲಾ", "ಹೋಗ್ಲಾ", "ಬಂದವ್ರೆ" ಅನ್ನೋದನ್ನ ನಾವು ಕಾಲೇಜಿಗೆ ಹೋಗೋವಾಗ ಬಾಯಲ್ಲಿ ಬರದಂಗೆ ನೋಡ್ಕೊಂಡು ಮಾತಾಡ್ತಿದ್ವಿ, ಇವತ್ತು ಹುಡುಗ್ರು ಕ್ಯಾಮೆರಾ ಮುಂದೆ ಎದೆ ಎತ್ತಿ ಮಾತಾಡ್ತಾರೆ, ನನಗೆ ಖುಷಿ. ಆದ್ರೆ ನೋಡಿ, 2020ರ ಜೂನ್ 29ರ ರಾತ್ರಿ ಸರ್ಕಾರ 59 ಆ್ಯಪ್ ಬ್ಯಾನ್ ಮಾಡ್ತು, ಅದರಲ್ಲಿ ಟಿಕ್ ಟಾಕ್ ಒಂದು. ಬ್ಯಾನ್ ಸರಿಯೋ ತಪ್ಪೋ ಅನ್ನೋ ಚರ್ಚೆ ಬೇರೆ. ನಮ್ಮ ಅಂಗಡಿ ಎದುರು ತರಕಾರಿ ಗಾಡಿ ಇಟ್ಕೊಂಡಿದ್ದ ಅಕ್ಕ ಒಬ್ರು ಅದರಲ್ಲಿ ಸೋಬಾನೆ ಪದ ಹಾಡ್ತಿದ್ರು, ಅವರ ಅತ್ತೆಯಿಂದ ಕಲಿತ ಪದಗಳು, ನೂರಕ್ಕೂ ಮೇಲೆ ವಿಡಿಯೋ. ಆ್ಯಪ್ ನಿಂತ ದಿನವೇ ಎಲ್ಲಾ ಹೋಯ್ತು. ಅತ್ತೇನೂ ಈಗಿಲ್ಲ, ವಿಡಿಯೋನೂ ಇಲ್ಲ. ಫೇಸ್‌ಬುಕ್ ಥರದ್ದೇ ಆದ ಆರ್ಕುಟ್ ಹಂಗೇ ಹೋಯ್ತು, 2014ರ ಸೆಪ್ಟೆಂಬರ್ 30ಕ್ಕೆ, ಗೂಗಲ್ ಪ್ಲಸ್ 2019ರಲ್ಲಿ, ನೀವು ಹೆಸರೂ ಕೇಳಿರಲ್ಲ. ಬೇರೆಯವರ ಕೊಟ್ಟಿಗೆಲಿ ನಮ್ಮ ದನ ಕಟ್ಟಿದ್ರೆ ಅವರು ಕೊಟ್ಟಿಗೆ ಕೆಡವಿದ ದಿನ ನಾವು ಕೇಳೋ ಹಂಗಿಲ್ಲ. ವೆಬ್‌ಸೈಟ್ ಮಾಡಿದ್ರೆ ಶಾಶ್ವತ ಅಂತ ಏನಿಲ್ಲ, ಅಮೆರಿಕದ ಪ್ಯೂ ರಿಸರ್ಚ್ ಸೆಂಟರ್ ಅವರು 2024ರಲ್ಲಿ ಲೆಕ್ಕ ಹಾಕಿ ನೋಡಿದ್ರು, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಹತ್ತು ವರ್ಷ ಆಗೋ ಹೊತ್ತಿಗೆ ನೂರಕ್ಕೆ 38 ಸಿಗ್ತಿರ್ಲಿಲ್ಲ. ಆದ್ರೆ ಬಯಲಲ್ಲಿ ಇರೋ ಪುಟಕ್ಕೆ ಒಂದು ಅನುಕೂಲ ಇದೆ, ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮೆಷಿನ್ ಅಂತ ಇದೆ, ಹೆಚ್ಚುಕಮ್ಮಿ ಯಾವ ಪುಟದ ಲಿಂಕ್ ಬೇಕಾದ್ರೂ ಅಲ್ಲಿ ಕೊಟ್ಟು ಸೇವ್ ಮಾಡ್ಸಬಹುದು, ಕಾಸು ಕೇಳಲ್ಲ. ಬಾಗಿಲು ಹಾಕಿದ ಗ್ರೂಪಿನೊಳಗೆ ಅದೂ ಬರೋಕಾಗಲ್ಲ.

ಈಗ ನನ್ನ ಕಸುಬಿನ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ನಮ್ಮ ಅಂಗಡಿಲಿ ಹಳೇ ಹಾರ್ಡ್ ಡಿಸ್ಕ್ ಎರಡಿದಾವೆ, ಅದರಲ್ಲಿ ಇಪ್ಪತ್ತು ವರ್ಷದ ಫೈಲು. ಊರ ದೇವಸ್ಥಾನದ ಇತಿಹಾಸ, ರಂಗದ ಕುಣಿತದ ಪದಗಳು, ತೀರಿಹೋದವರ ಆತ್ಮಕಥೆ, ಎಲ್ಲಾ ಇದೆ. ಇವತ್ತು ಅದರಲ್ಲಿ ಒಂದು ಪ್ಯಾರಾ ಕಾಪಿ ಮಾಡಿ ನಿಮ್ಮ ಫೋನಿಗೆ ಕಳಿಸಿದ್ರೆ ಕನ್ನಡ ಕಾಣಲ್ಲ. ಯಾಕೆ ಗೊತ್ತಾ? ಆಗ ನಾವು ಟೈಪ್ ಮಾಡ್ತಿದ್ದದ್ದು ನುಡಿ, ಬರಹ ಥರದ ತಂತ್ರಾಂಶದ ಹಳೇ ಫಾಂಟಲ್ಲಿ. ಶೇಷಾದ್ರಿ ವಾಸು ಅವರು 1998ರಲ್ಲಿ ಬರಹ ತಂದ್ರು, ಕನ್ನಡ ಗಣಕ ಪರಿಷತ್ತಿಂದ ನುಡಿ ಬಂತು, ಅವರಿಂದಾನೇ ನಾನು ಹೊಟ್ಟೆ ಹೊರ್ಕೊಂಡಿರೋದು, ಆ ಋಣ ದೊಡ್ಡದು. ಆದ್ರೆ ಆ ಹಳೇ ಫಾಂಟುಗಳಲ್ಲಿ ತೆರೆ ಮೇಲೆ ಕಾಣೋದು ಕನ್ನಡ, ಒಳಗೆ ಇರೋದು ಇಂಗ್ಲಿಷ್ ಅಕ್ಷರ. ನುಡಿ ಫಾಂಟಲ್ಲಿ "ಕನ್ನಡ" ಅಂತ ಹೊಡೆದದ್ದರ ಮೇಲಿನ ಫಾಂಟ್ ತೆಗೆದ್ರೆ ಕೆಳಗೆ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟು ಎಳೆದ ಎ, ಪೌಂಡ್ ದುಡ್ಡಿನ ಚಿಹ್ನೆ, ಹಿಂಗೇ ಇರುತ್ತೆ. ಮನುಷ್ಯ ಓದ್ತಾನೆ, ಗೂಗಲ್ಲಿಗೆ ಅದು ಕನ್ನಡ ಅಂತಾನೇ ಗೊತ್ತಾಗಲ್ಲ. ಒಂದೊಂದು ಭಾಷೆಯ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ನಂಬರ್ ಗೊತ್ತು ಮಾಡಿರೋ ಯೂನಿಕೋಡಲ್ಲಿ ಇದ್ರೆ ಮಾತ್ರ ಕನ್ನಡದ ಕ ಅಂದ್ರೆ ಎಲ್ಲ ಕಂಪ್ಯೂಟರಲ್ಲೂ ಕ. ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡ್ಕೊಂಡು ಕೂತಿದ್ದ ತೇಜಸ್ವಿಯವರು ಕನ್ನಡ ತಂತ್ರಾಂಶ ಆಗ್ಬೇಕು ಅಂತ ಅಷ್ಟು ಹಿಂದೇನೇ ಓಡಾಡಿದ್ರು, ಅವರಿಗೆ ಆವತ್ತೇ ಕಂಡದ್ದು ನಮಗೆ ಇನ್ನೂ ಪೂರ್ತಿ ಕಂಡಿಲ್ಲ ಅನ್ಸುತ್ತೆ. ಹಳೇದನ್ನ ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್ ಉಚಿತವಾಗಿ ಸಿಗ್ತವೆ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತೆ, ಕೂತು ತಿದ್ದಬೇಕು, ನಾನು ರಾತ್ರಿ ಅಂಗಡಿ ಬಾಗಿಲು ಹಾಕಿದ್ಮೇಲೆ ದಿನಕ್ಕೆ ನಾಲ್ಕೈದು ಪುಟ ಮಾಡ್ತಿದೀನಿ.

ಎಐ ಬಗ್ಗೆ ಕೇಳಿದ್ರಲ್ಲ, ಅದು ಇದಕ್ಕೇ ಅಂಟ್ಕೊಂಡಿದೆ. 2022ರ ನವೆಂಬರ್ ಕೊನೇಲಿ ಚಾಟ್ ಜಿಪಿಟಿ ಬಂತು, ಆಮೇಲೆ ಬಂದವು ಬೇಕಾದಷ್ಟು. ಇಂಥದ್ದೊಂದನ್ನ ನಾನು, ಯಾವ ಕಂಪನಿದು ಅನ್ನೋದು ಬೇಡ, ಇಂಗ್ಲಿಷಲ್ಲಿ ಕಾಫಿಗೆ ಬ್ಯಾಕಿಂಗ್ ಮಳೆ ಅಂದ್ರೇನು ಅಂತ ಕೇಳ್ದೆ. ಎಷ್ಟು ಚೆನ್ನಾಗಿ ಹೇಳ್ತು ಅಂದ್ರೆ ದೊಡ್ಡಪ್ಪ ಹೇಳಿದಂಗೇ ಇತ್ತು. ಕಾಫಿ ಬೋರ್ಡಿನವರು, ಬಾಳೆಹೊನ್ನೂರು ಹತ್ರ 1925ರಿಂದ ನಡೀತಿರೋ ಸಂಶೋಧನಾ ಕೇಂದ್ರದವರು ಇಂಗ್ಲಿಷಲ್ಲಿ ಬೇಕಾದಷ್ಟು ಬರೆದಿಟ್ಟಿದಾರೆ, ಅದಕ್ಕೆ ಸಿಕ್ಕಿದೆ. ಅದೇ ಪ್ರಶ್ನೆ ಕನ್ನಡದಲ್ಲಿ ಕೇಳ್ದೆ. ಬ್ಯಾಕಿಂಗ್ ಮಳೆ ಅಂದ್ರೆ ಹಿಂಗಾರಿನಲ್ಲಿ ವಾಪಸ್ ಬರೋ ಮಳೆ ಅಂತ ಕಥೆ ಕಟ್ತು, ಅದೂ ಅನುಮಾನಾನೇ ಇಲ್ಲದ ಧಾಟಿಲಿ. ಗೊತ್ತಿಲ್ಲದ ಹುಡುಗ ಅದನ್ನ ನಂಬಿದ್ರೆ ಏನು ಗತಿ?

ಕಂಪನಿಯವರದ್ದು ತಪ್ಪಿಲ್ಲ ಅನ್ನಲ್ಲ ನಾನು. ಲೆಕ್ಕದಲ್ಲೇ ನಮಗೆ ಹೊರೆ ಜಾಸ್ತಿ, ಕಾಫಿ ಅಂತ ಇಂಗ್ಲಿಷಲ್ಲಿ ಬರೆದ್ರೆ ಆರು ಅಕ್ಷರಕ್ಕೆ 6 ಬೈಟ್, ಬೈಟ್ ಅಂದ್ರೆ ಕಂಪ್ಯೂಟರಲ್ಲಿ ಹಿಡಿಯೋ ಜಾಗದ ಅಳತೆ, ಕನ್ನಡದಲ್ಲಿ "ಕಾಫಿ" ಅಂತ ಬರೆದ್ರೆ ಕ, ಅದರ ದೀರ್ಘ, ಫ, ಅದರ ಗುಡಿಸು, ನಾಲ್ಕು ಗುರುತಿಗೆ ಮೂರು ಮೂರರಂತೆ 12 ಬೈಟ್. ಕನ್ನಡಕ್ಕೆ ಅವರು ಇನ್ನೂ ಮೈ ಬಗ್ಗಿಸಿ ಕೆಲಸ ಮಾಡ್ಬೇಕು. ಆದ್ರೆ ಅವರು ಓದ್ಬೇಕಾದ್ದು ಎಲ್ಲಿದೆ? ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ, ಇವತ್ತಿಗೂ ಲೇಖನಗಳು 30 ಸಾವಿರ ಚಿಲ್ಲರೆ, ಇಂಗ್ಲಿಷಲ್ಲಿ 60 ಲಕ್ಷ ದಾಟಿ ಎಷ್ಟೋ ಕಾಲ ಆಯ್ತು. ನಾವು ಬರೆದದ್ದು ಬಯಲಲ್ಲಿ ಕಮ್ಮಿ ಇದ್ದಾಗ ಯಾರೋ ಏನೋ ಬರೆದದ್ದೇ ನಮ್ಮ ಬಗ್ಗೆ ಉತ್ತರ ಆಗುತ್ತೆ. 2021ರ ಜೂನಲ್ಲಿ ಆಯ್ತಲ್ಲ, ಭಾರತದ ಅತಿ ಕೆಟ್ಟ ಭಾಷೆ ಯಾವುದು ಅಂತ ಗೂಗಲಲ್ಲಿ ಕೇಳಿದ್ರೆ ಕನ್ನಡ ಅಂತ ತೋರಿಸ್ತು, ಅದು ಎಲ್ಲೋ ಮೂಲೇಲಿದ್ದ ಒಂದು ಪುಟದಿಂದ ಎತ್ಕೊಂಡಿದ್ದು. ರಾಜ್ಯಕ್ಕೆ ರಾಜ್ಯವೇ ಸಿಟ್ಟಾಯ್ತು, ಗೂಗಲ್ ಕ್ಷಮೆ ಕೇಳ್ತು, ತೆಗೀತು. ಆ ದಿನ ನನಗೂ ಮೈ ಉರಿದಿತ್ತು. ಆದ್ರೆ ಸಿಟ್ಟಲ್ಲಿ ಅವತ್ತು ನಾವು ಹಾಕಿದ ಸ್ಟೇಟಸ್ಸು 24 ಗಂಟೆಗೆ ಮಾಯ ಆಯ್ತು, ಆ ಶಕ್ತಿಲಿ ಒಬ್ಬೊಬ್ರು ಒಂದೊಂದು ಪುಟ ಕನ್ನಡದಲ್ಲಿ ಬರೆದಿಟ್ಟಿದ್ರೆ ಅಂತ ನಾನು ಇವತ್ತಿಗೂ ಯೋಚಿಸ್ತೀನಿ.

ದೊಡ್ಡಪ್ಪನ ಪುಸ್ತಕ ಈಗ ನಮ್ಮ ಅಂಗಡಿಲಿದೆ. 1974ರಿಂದ 1991ರವರೆಗೆ ಟೈಪ್ ಆಗಿದೆ, ಯೂನಿಕೋಡಲ್ಲಿ, ಒಂದು ಸಾದಾ ಎಕ್ಸೆಲ್ ಶೀಟಿಗೆ. ಗೌರಿ ಕರು ಹಾಕಿದ್ದನ್ನೂ ಬಿಟ್ಟಿಲ್ಲ, ಅದಕ್ಕೆ ಒಂದು ಬೇರೆ ಕಾಲಂ ಮಾಡಿದೀನಿ. ದೊಡ್ಡಪ್ಪ ಈ ಮಾರ್ಚಿಂದ ಮತ್ತೆ ಹೊಸ ನೋಟ್ ಬುಕ್ಕಿಗೆ ಬರೀತಿದಾರೆ, ಬರೆದು ಅದರ ಫೋಟೋ ಗ್ರೂಪಿಗೂ ಹಾಕ್ತಾರೆ. ಪೂರ್ತಿ ಆದ್ಮೇಲೆ ಯಾರು ಬೇಕಾದ್ರೂ ನೋಡೋ ಹಂಗೆ ಇಂಟರ್ನೆಟ್ಟಿಗೆ ಹಾಕೋಕೆ ಒಪ್ಪಿದಾರೆ, ಮೊದಲು "ನಮ್ಮ ತೋಟದ ಮಳೆ ಯಾರಿಗೆ ಬೇಕೋ" ಅಂದಿದ್ರು.

ಪ್ರಶ್ನೆ ಕೇಳೋ ಹೊತ್ತಲ್ಲಿ ಅರಸೀಕೆರೆ ಕಡೆಯ ಹುಡುಗಿ ಒಬ್ಳು ಎದ್ದು, ಸಾರ್ ನಾವು ಏನು ಬರೆಯೋದು, ನಮಗೇನು ಗೊತ್ತು ಅಂದ್ಲು. ಮನೇಲಿ ಏನು ಬೆಳೀತೀರಮ್ಮ ಅಂದೆ. ತೆಂಗು, ಕೊಬ್ಬರಿ ಮಾಡ್ತೀವಿ ಅಂದ್ಲು. ಹೆಂಗೆ ಮಾಡ್ತೀರಿ ಹೇಳು ಅಂದೆ. ಬಲಿತ ಕಾಯಿ ಆರಿಸಿ ಅಟ್ಟಕ್ಕೆ ಹಾಕ್ತೀವಿ ಸಾರ್, ಹತ್ತು ಹನ್ನೊಂದು ತಿಂಗಳು ಅಲ್ಲೇ ಇರುತ್ತೆ, ಒಳಗಿನ ನೀರು ತಾನೇ ಇಂಗುತ್ತೆ, ಆಮೇಲೆ ನಮ್ಮಜ್ಜಿ ಒಂದು ಕಾಯಿ ತಗೊಂಡು ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ, ಕೊಬ್ಬರಿ ಗಿಟುಕು ಒಳಗೆ ಲೊಟ ಲೊಟ ಅಂದ್ರೆ ಆಗಿದೆ ಅಂತ, ಅಂದ್ರೆ ಚಿಪ್ಪು ಬಿಟ್ಟಿದೆ ಅಂತ, ಸದ್ದು ಮಂಕಾಗಿದ್ರೆ ಮತ್ತೆ ಮೇಲಕ್ಕೆ, ಅಂತ ನಿಲ್ಲಿಸದೆ ಮೂರು ನಿಮಿಷ ಹೇಳಿದ್ಲು, ಹಾಲ್ ಪೂರ್ತಿ ಕಿವಿಗೊಟ್ಟು ಕೇಳ್ತು. ಇದನ್ನೇ ಬರಿಯಮ್ಮ, ಬರೆದು ವಿಕಿಪೀಡಿಯಕ್ಕೋ ನಿನ್ನದೇ ಒಂದು ಬ್ಲಾಗಿಗೋ ಹಾಕು ಅಂದೆ.

ಕೂತವಳು ಮತ್ತೆ ಎದ್ದಳು. ಸಾರ್, ಪುಸ್ತಕದ ಕನ್ನಡದಲ್ಲಿ ಬರೀಲಾ, ನಮ್ಮಜ್ಜಿ ಹೇಳೋ ಥರ ಬರೀಲಾ ಅಂತ ಕೇಳಿದ್ಲು.

ವಿಕಿಪೀಡಿಯಕ್ಕೆ ಆದ್ರೆ ಪುಸ್ತಕದ ಕನ್ನಡ, ನಿನ್ನ ಬ್ಲಾಗಿಗೆ ಆದ್ರೆ ಅಜ್ಜಿ ಹೇಳೋ ಥರ ಬರಿ, ಆ ಲೊಟ ಲೊಟ ಬಿಡಬೇಡ ಅಂದೆ.